ಅಪ್ಪನಿಗೋಸ್ಕರ ನ್ಯಾಟ್ ಕಿಟ್ ತಂದಿದ್ದೇನೆ, ಬೆಳ್ಳಿ ಬಣ್ಣವೋ ಹಸಿರೋ?

ವಿಮಾನಪುರದ ಮಗ
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು.

ನಮ್ಮಪ್ಪ 1966ರಲ್ಲಿ ಬೆಂಗಳೂರಿನ ಎಚ್‌ಎಎಲ್‌ಗೆ ಅಪ್ರೆಂಟಿಸ್ ಆಗಿ ಸೇರಿದವರು. ಮೊದಲು ಹಾಕಿದ್ದೇ ನ್ಯಾಟ್ ವಿಮಾನದ ಹ್ಯಾಂಗರಿಗೆ. ರಿವೆಟ್ ಹೊಡೆಯುವ ಕೆಲಸ. ಈಗ ಎಡಗಿವಿ ಅಷ್ಟಾಗಿ ಕೇಳಿಸುವುದಿಲ್ಲ, ಕೇಳಿದರೆ "ಅದು ನ್ಯಾಟ್ ಕೊಟ್ಟ ಪೆನ್ಷನ್" ಅನ್ನುತ್ತಾರೆ. ಮುಂದಿನ ತಿಂಗಳು ಅವರಿಗೆ 80 ತುಂಬುತ್ತದೆ. ಪಂಚೆ ಶಲ್ಯ ತರಬೇಡ ಅಂತ ಮೊದಲೇ ಹೇಳಿಬಿಟ್ಟಿದ್ದಾರೆ. ಅದಕ್ಕೆ ಒಂದು ನ್ಯಾಟ್ ಕಟ್ಟಿ ಕೊಡೋಣ ಅಂತ ಏರ್‌ಫಿಕ್ಸ್‌ನ 1:72 (ನಿಜವಾದದ್ದರ 72ರಲ್ಲಿ ಒಂದು ಪಾಲು) ಪ್ಲಾಸ್ಟಿಕ್ ಕಿಟ್ ತರಿಸಿದ್ದೇನೆ. ಡಬ್ಬದ ಮೇಲೆ ಕೆಂಪು ವಿಮಾನದ ಚಿತ್ರ ಇದೆ, ಅದಕ್ಕೆ ನಮ್ಮ ವಾಯುಪಡೆ ಬಣ್ಣ ಹೊಡೆದರೆ ಆಯಿತಲ್ಲ?

ಚಿಕ್ಕವನಿದ್ದಾಗ ಒಂದೆರಡು ಕಿಟ್ ಕಟ್ಟಿದ್ದು ಬಿಟ್ಟರೆ ನನಗೆ ಅನುಭವ ಇಲ್ಲ. ಪ್ರಶ್ನೆ ಇಷ್ಟೇ: ಬೆಳ್ಳಿ ಬಣ್ಣ ಹೊಡೆಯಲೋ, ಹಸಿರು ಬಣ್ಣವೋ? ಬ್ರಷ್ ಸಾಕಾ?

ಉಪ್ಪುಕಾಗದ
ಬಣ್ಣದ ವಿಷಯ ಆಮೇಲೆ. ಡಬ್ಬದಲ್ಲಿ ಎಷ್ಟು ಸೀಟು ಇದೆ ನೋಡಿ.

ವಿಮಾನಪುರದ ಮಗ
ಎರಡು. ಯಾಕೆ?

ಉಪ್ಪುಕಾಗದ
ಅಯ್ಯೋ.

ಅದು ನ್ಯಾಟ್ ಟಿ.1, ಬ್ರಿಟನ್ನಿನ ತರಬೇತಿ ವಿಮಾನ. ಕೆಂಪು ಬಣ್ಣ ಅವರ ವಾಯುಪಡೆಯ ಕಸರತ್ತಿನ ತಂಡ ರೆಡ್ ಆರೋಸ್‌ದು, ಅವರು 1965ರಿಂದ 1979ರವರೆಗೆ ಅದನ್ನೇ ಹಾರಿಸಿದರು. ನಮ್ಮ ವಾಯುಪಡೆ ಹಾರಿಸಿದ್ದು, ನಿಮ್ಮಪ್ಪ ರಿವೆಟ್ ಹೊಡೆದದ್ದು ಎಫ್.1. ಅದು ಒಂದೇ ಸೀಟಿನ ಫೈಟರ್. ಹೆಸರು ಒಂದೇ, ವಿಮಾನ ಬೇರೆ. ಬೇಜಾರು ಮಾಡಿಕೊಳ್ಳಬೇಡಿ, ಈ ಹಳ್ಳಕ್ಕೆ ನಾವೆಲ್ಲ ಒಂದೊಂದು ಸಲ ಬಿದ್ದವರೇ.

ಹುಬ್ಬಳ್ಳಿ ಏರ್‌ಬ್ರಷ್
ಏನ್ರೀ ಉಪ್ಪುಕಾಗದ, ಬಂದ ಮೊದಲ ದಿನವೇ ಹೆದರಿಸುತ್ತೀರಿ. ಹಿಂದಿನ ಸೀಟು ತೆಗೆದು ಅಲ್ಲಿ ಪುಟ್ಟಿ ತುಂಬಿ, ಮುಂದಿನ ಅರ್ಧ ಗಾಜು ಇಟ್ಟುಕೊಂಡು ತಿಕ್ಕಿದರೆ ಮುಗಿಯಿತು. ಅಂಗೈಯಷ್ಟು ವಿಮಾನ. ಯಾರಿಗೆ ಗೊತ್ತಾಗುತ್ತೆ?

ಉಪ್ಪುಕಾಗದ
ಯಾರಿಗೆ ಗೊತ್ತಾಗುತ್ತೆ ಅಂದರೆ ಏನರ್ಥ? ಅದನ್ನು ನೋಡುವವರು ಅದನ್ನು ಕಟ್ಟಿದವರು ಮಾರಾಯ್ರೇ!

ಬರೀ ಸೀಟಿನ ಪ್ರಶ್ನೆ ಅಲ್ಲ. ಟಿ.1 ಮಾಡುವಾಗ ರೆಕ್ಕೆಯನ್ನೇ ಹೊಸದಾಗಿ, ದೊಡ್ಡದಾಗಿ ಮಾಡಿದರು. ಎಫ್.1ರ ರೆಕ್ಕೆ ತುದಿಯಿಂದ ತುದಿಗೆ ಸುಮಾರು 6.7 ಮೀಟರ್, ಟಿ.1ದು 7.3 ಮೀಟರ್. 1:72ರಲ್ಲಿ 8 ಮಿಲಿಮೀಟರ್ ಜಾಸ್ತಿ. ಮೈ ಉದ್ದ ಅಂದಾಜು 13 ಮಿಲಿಮೀಟರ್ ಜಾಸ್ತಿ. ಇಷ್ಟು ಸಣ್ಣ ವಿಮಾನಕ್ಕೆ 13 ಮಿಲಿಮೀಟರ್ ಅಂದರೆ ಹತ್ತರಲ್ಲಿ ಒಂದು ಪಾಲು. ಬಾಲ, ಹಿಂದಿನ ರೆಕ್ಕೆ ಎಲ್ಲ ಬೇರೆ. ಎಲ್ಲಿ ಕತ್ತರಿಸುತ್ತೀರಿ, ಎಲ್ಲಿ ಜೋಡಿಸುತ್ತೀರಿ?

ಸ್ಪ್ರೂ ಸುಬ್ಬ
ಒಂದು ಐಡಿಯಾ. ಎಚ್‌ಎಎಲ್‌ನವರೇ ನ್ಯಾಟನ್ನು ತಿದ್ದಿ ಮಾಡಿದ ಅಜೀತ್ ಇದೆಯಲ್ಲ, ಅದರ ಎರಡು ಸೀಟಿನ ಟ್ರೇನರ್ ಕೂಡ ಮಾಡಿದ್ದರಲ್ಲ? ಇದೇ ಕಿಟ್ಟಿಗೆ ಅದರ ಬಣ್ಣ ಹೊಡೆದರೆ?

ಉಪ್ಪುಕಾಗದ
ಸುಬ್ಬಣ್ಣ, ಒಳ್ಳೆ ಪ್ರಯತ್ನ. ಆದರೆ ಅಜೀತ್ ಟ್ರೇನರ್ ಬ್ರಿಟಿಷರ ಟಿ.1 ನೋಡಿ ಮಾಡಿದ್ದಲ್ಲ. ಅಜೀತ್‌ನ ಮೈಯನ್ನೇ ಹಿಗ್ಗಿಸಿ ಇನ್ನೊಂದು ಸೀಟು ಕೂರಿಸಿದ್ದು. ಕಟ್ಟಿದ್ದೂ ಬೆರಳೆಣಿಕೆಯಷ್ಟು. ಮತ್ತೆ ಅದೇ ರೆಕ್ಕೆಯ ತಕರಾರು ಬರುತ್ತೆ.

ವಿಮಾನಪುರದ ಮಗ
ಡಬ್ಬ ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ, ಸ್ಪ್ರೂ ಚೌಕಟ್ಟಿನಿಂದ ನಾಲ್ಕು ತುಂಡು ಆಗಲೇ ಕತ್ತರಿಸಿಬಿಟ್ಟಿದ್ದೇನೆ. ಒಂದು ಸೀಟಿಂದು ಎಲ್ಲಿ ಸಿಗುತ್ತೆ?

ಗೀತಾ ಕುವೆಂಪುನಗರ
ಚೆಕ್ ದೇಶದ ಸ್ಪೆಷಲ್ ಹಾಬಿಯವರು 1:72ರಲ್ಲಿ ಒಂದು ಸೀಟಿನ ನ್ಯಾಟ್ ಮಾಡಿದ್ದಾರೆ, ಅಜೀತ್ ಕೂಡ ಇದೆ. ಹುಡುಕಿ, ಇನ್ನೂ ಟೈಮ್ ಇದೆ. ಒಂದು ಮಾತು, ಇವು ಸಣ್ಣ ಪ್ರಮಾಣದಲ್ಲಿ ಮಾಡುವ ಕಿಟ್‌ಗಳು. ತುಂಡುಗಳಿಗೆ ಪಿನ್ನು ತೂತು ಇರುವುದಿಲ್ಲ, ನೀವೇ ಸರಿಯಾಗಿ ಹಿಡಿದು ಅಂಟಿಸಬೇಕು. ಅಂಟಿಸುವ ಮುಂಚೆ ಗಮ್ ಹಾಕದೆ ಹತ್ತು ಸಲ ಕೂರಿಸಿ ನೋಡಿ.

ಮತ್ತೆ ಕೈಲಿರುವ ಎರಡು ಸೀಟಿಂದು ದಂಡ ಅಂದುಕೊಳ್ಳಬೇಡಿ. ಅದನ್ನು ಮೊದಲು ಕಟ್ಟಿ. ಕೈ ಪಳಗುತ್ತೆ. ತಪ್ಪೆಲ್ಲ ಅದರ ಮೇಲೆ ಮಾಡಿ, ಅಪ್ಪನದ್ದರ ಮೇಲೆ ಬೇಡ.

ಹುಬ್ಬಳ್ಳಿ ಏರ್‌ಬ್ರಷ್
ಗೀತಾ ಮೇಡಂ ಹೇಳಿದ್ದು ಸರಿ. ನಾನು ಸೋತೆ.

ಬರೀ ಓದುಗ
ಒಂದು ದಡ್ಡ ಪ್ರಶ್ನೆ. ಇದು ನ್ಯಾಟ್ ಅಂತಲೋ ಗ್ನಾಟ್ ಅಂತಲೋ? ನಮ್ಮ ಸ್ಕೂಲ್ ಮೇಷ್ಟ್ರು ಗ್ನಾಟ್ ಅನ್ನುತ್ತಿದ್ದರು.

ಸ್ಪ್ರೂ ಸುಬ್ಬ
ನ್ಯಾಟ್. ಕನ್ನಡದಲ್ಲಿ ನೊರಜು.

ಮಂಡ್ಯ ಬೆಲ್ಲ
ನೊರಜು ಯಾರು ಅನ್ನುತ್ತಾರೆ? ನಮ್ಮ ಕಡೆ ಗುಂಗುರು. ಕಣ್ಣ ಮುಂದೆ ಗುಂಯ್ ಅಂತ ಬಂದು ಸಾಯಿಸುತ್ತಲ್ಲ, ಅದೇ.

ಹುಬ್ಬಳ್ಳಿ ಏರ್‌ಬ್ರಷ್
ನಮ್ಮಲ್ಲಿ ಗುಂಗಾಡ. ಹೋಗ್ರಿ, ಹೆಸರು ನಮ್ಮದೇ ಚಂದ.

ಗೀತಾ ಕುವೆಂಪುನಗರ
ಹೆಸರಿಗೆ ತಕ್ಕ ಹಾಗೆ ಇತ್ತು ಬಿಡಿ. ಟೆಡ್ಡಿ ಪೆಟ್ಟರ್ ಅನ್ನುವ ಡಿಸೈನರ್‌ಗೆ ಫೈಟರ್‌ಗಳು ವರ್ಷ ವರ್ಷ ದಪ್ಪ ಆಗಿ ದುಬಾರಿ ಆಗುತ್ತಿವೆ ಅನ್ನುವ ಸಿಟ್ಟು. ಅದಕ್ಕೆ ಫಾಲೆಂಡ್ ಕಂಪನಿಯಲ್ಲಿ ಕೂತು ಈ ಪುಟ್ಟ ವಿಮಾನ ಮಾಡಿದರು. 1955ರಲ್ಲಿ ಹಾರಿತು. ತಮಾಷೆ ಏನು ಅಂದರೆ ಅವರ ಸ್ವಂತ ದೇಶವೇ ಅದನ್ನು ಫೈಟರ್ ಆಗಿ ಕೊಳ್ಳಲಿಲ್ಲ, ಟ್ರೇನರ್ ಆಗಿ ಮಾತ್ರ ತೆಗೆದುಕೊಂಡಿತು. ಕೈ ಹಿಡಿದದ್ದು ನಾವು, 1956ರಲ್ಲಿ ಲೈಸೆನ್ಸ್ ತೆಗೆದುಕೊಂಡು ಬೆಂಗಳೂರಿನಲ್ಲೇ ಕಟ್ಟಲು ಶುರು ಮಾಡಿದೆವು.

ಹ್ಯಾಂಬಲ್ ಕಡೆಯವನು
ನಾನು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿರುವ ಕನ್ನಡಿಗ. ಫಾಲೆಂಡ್ ಫ್ಯಾಕ್ಟರಿ ಇದ್ದ ಹ್ಯಾಂಬಲ್ ಇಲ್ಲೇ ಪಕ್ಕದಲ್ಲಿ. ಇಲ್ಲಿನ ಸೊಲೆಂಟ್ ಸ್ಕೈ ಮ್ಯೂಸಿಯಂನಲ್ಲಿ ಒಂದು ನ್ಯಾಟ್ ಇದೆ, ಒಂದೇ ಸೀಟಿಂದು. ಭಾನುವಾರ ಮಗಳನ್ನು ಕರೆದುಕೊಂಡು ಹೋಗುತ್ತೇನೆ, ಯಾವ ಜಾಗದ ಫೋಟೋ ಬೇಕು ಹೇಳಿ. ಹೋದ ಸಲ ನೋಡಿದಾಗ ನನಗೆ ಆಶ್ಚರ್ಯ ಆಗಿದ್ದು ಅದರ ಎತ್ತರ. ಪೈಲಟ್ ಏಣಿ ಇಲ್ಲದೆ ಹತ್ತಬಹುದೇನೋ ಅನ್ನಿಸುತ್ತೆ, ಕಾಕ್‌ಪಿಟ್ಟಿನ ಅಂಚು ಹೆಚ್ಚುಕಮ್ಮಿ ನನ್ನ ಎದೆ ಮಟ್ಟಕ್ಕೆ ಬರುತ್ತೆ.

ಉಪ್ಪುಕಾಗದ
ಚಕ್ರದ ಗೂಡಿನ ಒಳಗಿನ ಫೋಟೋ ತೆಗೆಯಿರಿ ಸಾರ್, ಬಗ್ಗಿ ತೆಗೆಯಬೇಕಾಗುತ್ತೆ. ಚಕ್ರದ ಬಾಗಿಲಿನದ್ದೂ ಬೇಕು. ನ್ಯಾಟ್‌ನಲ್ಲಿ ಚಕ್ರಗಳನ್ನು ಅರ್ಧ ಇಳಿಸಿ ಅದನ್ನೇ ಏರ್‌ಬ್ರೇಕ್ ಆಗಿ ಬಳಸುತ್ತಿದ್ದರು. ಹಾಗಾಗಿ ಆ ಬಾಗಿಲುಗಳು ದಪ್ಪ, ಬೇರೆ ವಿಮಾನದ ಹಾಗೆ ತೆಳು ತಗಡಲ್ಲ.

ವಿಮಾನಪುರದ ಮಗ
ಎಲ್ಲರಿಗೂ ಥ್ಯಾಂಕ್ಸ್. ಒಂದು ಸೀಟಿಂದು ಆರ್ಡರ್ ಮಾಡಿದೆ. ಮೊದಲ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಬೆಳ್ಳಿಯೋ ಹಸಿರೋ?

ಸ್ಪ್ರೂ ಸುಬ್ಬ
ಹಸಿರು. 1971. ನವೆಂಬರ್ 22, ಪೂರ್ವ ಪಾಕಿಸ್ತಾನದ ಗಡಿಯ ಬೊಯ್ರಾ. ಕಲ್ಕತ್ತಾದ ಡಂಡಂನಿಂದ ಎದ್ದ 22ನೇ ಸ್ಕ್ವಾಡ್ರನ್ನಿನ ನಾಲ್ಕು ನ್ಯಾಟ್‌ಗಳು, ಮ್ಯಾಸಿ, ಗಣಪತಿ, ಲಜಾರಸ್, ಸೋರೆಸ್. ಯುದ್ಧ ಘೋಷಣೆ ಆಗುವ ಮುಂಚೆಯೇ ಪಾಕಿಸ್ತಾನದ ಸೇಬರ್ ಫೈಟರ್‌ಗಳನ್ನು ಹೊಡೆದರು. ಡಿಸೆಂಬರ್ 14ಕ್ಕೆ ಶ್ರೀನಗರದಲ್ಲಿ ಸೆಖೋನ್. ವಾಯುಪಡೆಗೆ ಬಂದಿರುವ ಪರಮವೀರ ಚಕ್ರ ಅದೊಂದೇ, ಅದು ನ್ಯಾಟ್ ಪೈಲಟ್‌ಗೆ. ಇನ್ನೇನು ಬೇಕು?

ಹುಬ್ಬಳ್ಳಿ ಏರ್‌ಬ್ರಷ್
ಬೆಳ್ಳಿ. 1965. ಸೇಬರ್ ಸ್ಲೇಯರ್ ಅನ್ನುವ ಹೆಸರು ಬಂದಿದ್ದೇ ಆಗ. ಕೀಲರ್ ಅಣ್ಣತಮ್ಮಂದಿರು ಇಬ್ಬರಿಗೂ ವೀರಚಕ್ರ. ಆಗ ವಿಮಾನಗಳು ಬರೀ ತಗಡಿನ ಹೊಳಪಲ್ಲೇ ಇದ್ದವು, ಹಸಿರು ಮೆತ್ತಿದ್ದು ಆಮೇಲೆ.

ಬರೀ ಓದುಗ
65ರಲ್ಲಿ ಒಂದು ನ್ಯಾಟ್ ಪಾಕಿಸ್ತಾನದಲ್ಲಿ ಇಳಿಯಿತಲ್ಲ, ಅದೂ ಹೇಳಿ. ಪಸ್ರೂರಿನಲ್ಲಿ. ಈಗಲೂ ಕರಾಚಿ ಮ್ಯೂಸಿಯಂನಲ್ಲಿ ನಿಲ್ಲಿಸಿದ್ದಾರೆ.

ಸ್ಪ್ರೂ ಸುಬ್ಬ
ಹುಟ್ಟುಹಬ್ಬದ ವಿಷಯದಲ್ಲಿ ಅದು ಬೇಕಿತ್ತಾ?

ಬರೀ ಓದುಗ
ಆಗಿದ್ದು ಆಗಿದೆ. ಹೊಗಳುವುದಾದರೆ ಪೂರ್ತಿ ಕಥೆ ಹೇಳಬೇಕು. ಹೈಡ್ರಾಲಿಕ್ ತೊಂದರೆ, ಬಾಲದ ಕಂಟ್ರೋಲ್ ತೊಂದರೆ ಎಲ್ಲ ಇತ್ತು ಅದಕ್ಕೆ. ಅದನ್ನೆಲ್ಲ ಸರಿ ಮಾಡೋಣ ಅಂತಲೇ ಅಜೀತ್ ಮಾಡಿದ್ದು, ರೆಕ್ಕೆಯೊಳಗೇ ಇಂಧನ ತುಂಬುವ ಹಾಗೆ.

ಮಂಡ್ಯ ಬೆಲ್ಲ
65 ಅಂದರೆ ನನಗೆ ದೇವಯ್ಯನವರೇ ನೆನಪಾಗುವುದು. ಕೊಡಗಿನವರು, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ನ್ಯಾಟ್ ಅಲ್ಲ, ಫ್ರಾನ್ಸಿನ ಮಿಸ್ಟೇರ್ ವಿಮಾನ. ಪಾಕಿಸ್ತಾನದ ಸರ್ಗೋಧಾದ ಮೇಲೆ ಹೋಗಿ ಅವರ ಸ್ಟಾರ್‌ಫೈಟರ್ ವಿಮಾನ ಹೊಡೆದು ಅಲ್ಲೇ ಹೋದರು. ಅವರು ಹೊಡೆದದ್ದು ಅಂತ ಗೊತ್ತಾಗಿ ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. 23 ವರ್ಷ! ನನ್ನ ಶೆಲ್ಫಿನಲ್ಲಿ ಮಿಸ್ಟೇರ್ ಅರ್ಧ ಕಟ್ಟಿ ಇಟ್ಟು ಎರಡು ವರ್ಷ ಆಯಿತು, ಈ ಮಾತು ಬಂದಾಗಲೆಲ್ಲ ನಾಚಿಕೆ ಆಗುತ್ತೆ.

ಗೀತಾ ಕುವೆಂಪುನಗರ
ಬಣ್ಣದ ವಿಷಯಕ್ಕೆ ಬರೋಣವಾ? ಹೊಸಬರಿಗೆ ನನ್ನ ಓಟು ಹಸಿರಿಗೆ. ಇತಿಹಾಸಕ್ಕಲ್ಲ, ಬೆಳ್ಳಿ ಕಷ್ಟ ಅನ್ನುವುದಕ್ಕೆ. ಬೆಳ್ಳಿ ಬಣ್ಣ ಏನನ್ನೂ ಮುಚ್ಚುವುದಿಲ್ಲ, ಚಾಡಿ ಹೇಳುತ್ತೆ. ನೀವು ಪುಟ್ಟಿ ಹಾಕಿದ ಜಾಗ, ವಾಟರ್ ಪೇಪರ್ ಗೀರು, ಬೆರಳಚ್ಚು, ಎಲ್ಲ ಎದ್ದು ಕಾಣುತ್ತೆ. 400ರ ಪೇಪರಿನಲ್ಲಿ ತಿಕ್ಕಿ ನಿಲ್ಲಿಸಿದರೆ ಆಗಲ್ಲ, 800, 1200, 2000 ಅಂತ ಇಳಿಸಿಕೊಂಡು ಹೋಗಬೇಕು, ನೀರು ಹಾಕಿಕೊಂಡು. ಆಮೇಲೆ ಹೊಳೆಯುವ ಕಪ್ಪು ಬಣ್ಣ ಹೊಡೆದು ಅದು ಕನ್ನಡಿ ಥರ ಬಂದ ಮೇಲೆ ಬೆಳ್ಳಿ. ಬ್ರಷ್ಷಿನಲ್ಲಿ ಬೆಳ್ಳಿ ಹೊಡೆದರೆ ಗೇಟಿಗೆ ಬಣ್ಣ ಹೊಡೆದ ಹಾಗೆ ಕಾಣುತ್ತೆ.

ಕುಡ್ಲದ ಮಳೆ
ಎಲ್ಲ ಸರಿ, ಒಣಗಿಸುವುದು ಎಲ್ಲಿ? ನಮ್ಮ ಮಂಗಳೂರಿನಲ್ಲಿ ಜುಲೈಯಲ್ಲಿ ಎನಾಮಲ್ ಹಚ್ಚಿದರೆ ಚೌತಿಗೂ ಒಣಗುವುದಿಲ್ಲ. ಲ್ಯಾಕರ್ ಹೊಡೆದರೆ ಗಾಳಿಯ ತೇವ ಹಿಡಿದು ಬಿಳಿಚಿಕೊಳ್ಳುತ್ತೆ, ಬೂಷ್ಟು ಬಂದ ಹಾಗೆ. ಹೋದ ವರ್ಷ ಒಂದು ಹರಿಕೇನ್ ವಿಮಾನ ಕಟ್ಟಿ, ಬೇಗ ಒಣಗಲಿ ಅಂತ ಅಕ್ಕಿ ಡಬ್ಬದೊಳಗೆ ಬಟ್ಟೆ ಹಾಸಿ ಇಟ್ಟಿದ್ದೆ. ಮರುದಿನ ಬೆಳಿಗ್ಗೆ ಅಮ್ಮ ಕತ್ತಲಲ್ಲಿ ಕುಚ್ಚಲಕ್ಕಿ ತೆಗೆಯಲು ಕೈ ಹಾಕಿದ್ದಾರೆ. ವಿಮಾನಕ್ಕೆ ಏನೂ ಆಗಲಿಲ್ಲ. ಆ ಅಕ್ಕಿಯ ಅನ್ನಕ್ಕೆ ಮಾತ್ರ ಒಂದು ವಾರ ಟರ್ಪೆಂಟೈನ್ ವಾಸನೆ.

ಮಂಡ್ಯ ಬೆಲ್ಲ
ಅದನ್ನು ತಿಂದಿರಾ?

ಕುಡ್ಲದ ಮಳೆ
ಇಲ್ಲ ಮಾರಾಯ್ರೇ, ಕೋಳಿಗೆ ಹಾಕಿದೆವು. ಕೋಳಿಯೂ ಒಂದು ದಿನ ಯೋಚನೆ ಮಾಡಿತು.

ವಿಮಾನಪುರದ ಮಗ
ನಗಾಡಿಕೊಂಡು ಓದುತ್ತಿದ್ದೆ, ಈಗ ನನ್ನದೇ ಕಥೆ ಕೇಳಿ. ಎರಡು ಸೀಟಿನದ್ದನ್ನು ಕಟ್ಟಿದೆ. ಗಾಜಿನ ಮುಚ್ಚಳವನ್ನು ಸೂಪರ್ ಗ್ಲೂನಲ್ಲಿ ಅಂಟಿಸಿದೆ. ಬೆಳಿಗ್ಗೆ ನೋಡಿದರೆ ಒಳಗಿನಿಂದ ಮಂಜು ಕವಿದ ಹಾಗೆ ಬೆಳ್ಳಗಾಗಿದೆ. ಕೆಂಪು ಬಣ್ಣ ದಪ್ಪ ಆಗಿ ಮೂಗಿನ ಕೆಳಗೆ ಇಳಿದು ನಿಂತಿದೆ. ಕಿತ್ತು ಎಸೆಯೋಣ ಅನ್ನಿಸುತ್ತಿದೆ.

ಉಪ್ಪುಕಾಗದ
ಎಸೆಯಬೇಡಿ. ಸೂಪರ್ ಗ್ಲೂ ಒಣಗುವಾಗ ಬಿಡುವ ಹಬೆ ಗಾಜಿನ ಮೇಲೆ ಕೂರುತ್ತೆ, ಅದಕ್ಕೆ ಮುಚ್ಚಳಕ್ಕೆ ಯಾವತ್ತೂ ಅದನ್ನು ಹಾಕಬಾರದು. ಬಿಳಿ ಗಮ್ ಸಾಕು, ಒಣಗಿದರೆ ಕಾಣುವುದಿಲ್ಲ, ತಪ್ಪಾದರೆ ನೀರಲ್ಲಿ ಒರೆಸಬಹುದು. ಈಗ ಮುಚ್ಚಳ ಮೆಲ್ಲಗೆ ಎಬ್ಬಿಸಿ, ಒಳಗಡೆ ಟೂತ್‌ಪೇಸ್ಟ್ ಹಚ್ಚಿ ಹಳೇ ಬನಿಯನ್ ಬಟ್ಟೆಯಲ್ಲಿ ಉಜ್ಜಿ. ಬಿಳೀ ಪೇಸ್ಟು, ಜೆಲ್ ಬೇಡ. ಹತ್ತು ನಿಮಿಷ ತಾಳ್ಮೆ ಬೇಕು.

ಬಣ್ಣ ಅಕ್ರಿಲಿಕ್ಕಾ? ಹಾಗಾದರೆ ಡೆಟಾಲ್‌ನಲ್ಲಿ ಒಂದು ರಾತ್ರಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದರೆ ಬಿಟ್ಟುಕೊಳ್ಳುತ್ತೆ. ತಿಕ್ಕುವಾಗ ನೀರು ತಾಗಿಸಬೇಡಿ, ತಾಗಿದರೆ ಎಲ್ಲ ಅಂಟು ಅಂಟಾಗಿ ಹಲಸಿನ ಮೇಣದ ಥರ ಆಗುತ್ತೆ. ಮೊದಲು ಡೆಟಾಲ್‌ನಲ್ಲೇ ಪೂರ್ತಿ ತೊಳೆದು ಆಮೇಲೆ ಸೋಪು ನೀರು.

ಸ್ಪ್ರೂ ಸುಬ್ಬ
ನೇಲ್ ಪಾಲಿಶ್ ರಿಮೂವರ್ ಮಾತ್ರ ಹಾಕಬೇಡಿ. ಅಸಿಟೋನ್ ಇದ್ದರೆ ಬಣ್ಣದ ಜೊತೆ ವಿಮಾನವೂ ಹೋಗುತ್ತೆ. ಹೆಂಡತಿಯ ಬಾಟಲಿ ಕದ್ದು ಕಲಿತ ಪಾಠ.

ಗೀತಾ ಕುವೆಂಪುನಗರ
ಮೂಗು ಅಂದಾಗ ನೆನಪಾಯಿತು. ಮೂರು ಚಕ್ರದ ವಿಮಾನ, ಮೂಗಿನೊಳಗೆ ತೂಕ ಹಾಕದಿದ್ದರೆ ನಾಯಿ ಕೂತ ಹಾಗೆ ಬಾಲದ ಮೇಲೆ ಕೂರುತ್ತೆ. ಎರಡು ಅರ್ಧ ಅಂಟಿಸುವ ಮುಂಚೆಯೇ ಹಾಕಬೇಕು. ಮೀನು ಗಾಳಕ್ಕೆ ಕಟ್ಟುವ ಸೀಸದ ಗುಂಡು ಸಾಕು. ಅದನ್ನು ಹಿಡಿಸಲು ಮಾತ್ರ ಬಿಳಿ ಗಮ್ ಬೇಡ, ಸೀಸದ ಜೊತೆ ಸೇರಿ ವರ್ಷಗಳ ಮೇಲೆ ಉಬ್ಬಿ ಮೂಗನ್ನೇ ಸೀಳಿಬಿಡುತ್ತೆ. ಎಪಾಕ್ಸಿ ಹಾಕಿ.

ಹುಬ್ಬಳ್ಳಿ ಏರ್‌ಬ್ರಷ್
ಮುಚ್ಚಳಕ್ಕೆ ಬಿಳಿ ಗಮ್ ಹಾಕಿ, ಮೂಗಿಗೆ ಬಿಳಿ ಗಮ್ ಹಾಕಬೇಡಿ. ಹೊಸಬರು ಓಡಿಹೋಗುತ್ತಾರೆ ನೋಡಿ.

ಬರೀ ಓದುಗ
ಎಚ್‌ಎಎಲ್‌ನ ಮಾರುತ್ ಫೈಟರ್ ಯಾರಾದರೂ ಕಟ್ಟಿದ್ದೀರಾ? ಅದು ಪೂರ್ತಿ ಬೆಂಗಳೂರಿನ ಕೂಸು, ನ್ಯಾಟ್ ಬ್ರಿಟಿಷರ ನಕಾಶೆ.

ಉಪ್ಪುಕಾಗದ
ಪೂರ್ತಿ ಬೆಂಗಳೂರಿನದ್ದು ಅಂತ ಹೇಳುವುದಾದರೆ ಕರ್ಟ್ ಟ್ಯಾಂಕ್ ಎಲ್ಲಿಯವರು? ಫೋಕ್ ವುಲ್ಫ್ 190 ಮಾಡಿದ ಜರ್ಮನ್ ಡಿಸೈನರ್ ಇಲ್ಲಿಗೆ ಬಂದು ನಮ್ಮವರ ಜೊತೆ ಕೂತು ಮಾಡಿದ್ದು. 1961ರ ಜೂನ್ 17ಕ್ಕೆ ಹಾರಿತು. ಎಂಜಿನ್ ಮಾತ್ರ ನ್ಯಾಟ್‌ನ ಅದೇ ಆರ್ಫಿಯಸ್ ಜಾತಿಯದ್ದು. ಅಷ್ಟು ದೊಡ್ಡ ವಿಮಾನಕ್ಕೆ ಎರಡು ಹಾಕಿದರೂ ಸಾಲಲಿಲ್ಲ. ಬೇರೆ ಎಂಜಿನ್ ಕೊನೆವರೆಗೂ ಸಿಗಲಿಲ್ಲ. ಮೈ ಮಾತ್ರ ಎಂಥ ಚಂದ! ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ನಿಂತಿದೆ, ಸ್ಕೂಲ್ ಟ್ರಿಪ್ಪಿನಲ್ಲಿ ನೋಡದವರು ಯಾರಿದ್ದಾರೆ?

ವಿಮಾನಪುರದ ಮಗ
ಅದನ್ನು ಮೊದಲು ಹಾರಿಸಿದ ಪೈಲಟ್ ಸುರಂಜನ್ ದಾಸ್. ಅಪ್ಪ ಅವರನ್ನು ದೂರದಿಂದ ನೋಡಿದ್ದಾರಂತೆ. 1970ರಲ್ಲಿ ಮಾರುತ್ ಹಾರಿಸುವಾಗಲೇ ತೀರಿಕೊಂಡರು. ನಮ್ಮ ಏರಿಯಾದ ಸುರಂಜನ್ ದಾಸ್ ರೋಡ್ ಅವರದ್ದೇ ಹೆಸರು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗಲೆಲ್ಲ ಜನ ಅವರ ಹೆಸರು ಹಿಡಿದು ಬೈಯುತ್ತಾರೆ, ಯಾರು ಅಂತ ಒಬ್ಬರಿಗೂ ಗೊತ್ತಿಲ್ಲ.

ಮಂಡ್ಯ ಬೆಲ್ಲ
ಹತ್ತು ವರ್ಷ ಆ ರಸ್ತೆಯಲ್ಲಿ ಓಡಾಡಿದ್ದೇನೆ. ಯಾರೋ ಬಂಗಾಳಿ ರಾಜಕಾರಣಿ ಅಂದುಕೊಂಡಿದ್ದೆ. ಛೆ.

ಹ್ಯಾಂಬಲ್ ಕಡೆಯವನು
ಫೋಟೋ ಹಾಕಿದ್ದೇನೆ, 41 ಇವೆ. ಚಕ್ರದ ಗೂಡಿಗೆ ಮೊಣಕಾಲೂರಿ ಬಗ್ಗಿದ್ದನ್ನು ನೋಡಿ ಅಲ್ಲಿನ ಸ್ವಯಂಸೇವಕ ಅಜ್ಜ ಟಾರ್ಚ್ ತಂದು ಕೊಟ್ಟರು. ಬೆಂಗಳೂರಿನಲ್ಲಿ ಇವನ್ನು ಕಟ್ಟುತ್ತಿದ್ದರು ಅಂದಿದ್ದಕ್ಕೆ ಕುರ್ಚಿ ಹಾಕಿ ಕೂರಿಸಿ ಅರ್ಧ ಗಂಟೆ ಮಾತಾಡಿದರು. ಮಗಳು ಬೋರ್ ಆಗಿ ಗಿಫ್ಟ್ ಅಂಗಡಿಯಲ್ಲಿ ಸ್ಪಿಟ್‌ಫೈರ್ ಕಿಟ್ ಹಿಡಿದುಕೊಂಡು ನಿಂತಿದ್ದಳು. ನನಗೂ ಈ ರೋಗ ಅಂಟಿಸಿದ್ದಕ್ಕೆ ಥ್ಯಾಂಕ್ಸ್.

ಗೀತಾ ಕುವೆಂಪುನಗರ
ಅದ್ಭುತ ಫೋಟೋಗಳು. ಇನ್ನು ಸ್ಟಿಕರ್ ಹಚ್ಚುವ ಮುಂಚೆ ಹೇಳಿಬಿಡುತ್ತೇನೆ, ನಮ್ಮ ವಾಯುಪಡೆಯ ವೃತ್ತಚಿಹ್ನೆಯಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಒಬ್ಬರು ಕೈಯಲ್ಲಿ ಬರೆಯಲು ಹೋಗಿ ಉಲ್ಟಾ ಮಾಡಿ, ಪ್ರದರ್ಶನಕ್ಕೆ ಇಟ್ಟು, ನಾಲ್ಕನೇ ಕ್ಲಾಸಿನ ಹುಡುಗ ತೋರಿಸಿಕೊಟ್ಟ. ಮೊದಲು ಹೊಳಪಿನ ವಾರ್ನಿಶ್ ಹೊಡೆದು ಆಮೇಲೆ ಡೆಕಾಲ್ ಹಚ್ಚಿ. ಒರಟು ಮೈಮೇಲೆ ಹಚ್ಚಿದರೆ ಅಡಿಯಲ್ಲಿ ಗಾಳಿ ನಿಂತು ಬೆಳ್ಳಗೆ ಮಿರುಗುತ್ತೆ. ನೀರು ಉಗುರುಬೆಚ್ಚಗಿರಲಿ.

ಹುಬ್ಬಳ್ಳಿ ಏರ್‌ಬ್ರಷ್
ಆ ಒಬ್ಬರು ಯಾರು ಅಂತ ನಮಗೆಲ್ಲ ಗೊತ್ತು ಮೇಡಂ.

ಗೀತಾ ಕುವೆಂಪುನಗರ
ಸುಮ್ನಿರಿ.

ವಿಮಾನಪುರದ ಮಗ
ಎರಡು ವಾರ ಇತ್ತ ಬರಲಿಲ್ಲ, ಕ್ಷಮಿಸಿ. ಒಂದು ಸೀಟಿಂದು ಬಂತು. ಗುಟ್ಟಾಗಿ ಇಟ್ಟಿದ್ದೆ, ಅಮ್ಮ ಅಟ್ಟ ಗುಡಿಸುವಾಗ ಡಬ್ಬ ಇಳಿಸಿ ಟೇಬಲ್ ಮೇಲೆ ಇಟ್ಟುಬಿಟ್ಟರು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಅಪ್ಪ ಭೂತಗನ್ನಡಿ ಹಿಡಿದುಕೊಂಡು ಕೂತಿದ್ದಾರೆ. ಒಂದೊಂದು ತುಂಡನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಾರೆ. ಪಕ್ಕದಲ್ಲಿ ನನ್ನ ಕೆಂಪು ವಿಮಾನ ಇತ್ತು, ಅದನ್ನು ಒಂದು ಸಲ ಎತ್ತಿ, "ಇದು ಅವರದ್ದು" ಅಂತ ಕೆಳಗಿಟ್ಟರು.

ಆಮೇಲೆ ಒಂದು ಸೀಟಿನದ್ದರಲ್ಲಿ ನಾನು ಆಗಲೇ ಅಂಟಿಸಿದ್ದ ಮೈಯ ಜೋಡಣೆ ಮೇಲೆ ಹೆಬ್ಬೆರಳಿನ ಉಗುರು ಎಳೆದರು, ಮೂಗಿನಿಂದ ಬಾಲದವರೆಗೆ. ನಡುವೆ ಒಂದು ಕಡೆ ನಿಲ್ಲಿಸಿ "ಇಲ್ಲಿ ಸ್ಟೆಪ್ ಇದೆ" ಅಂದರು. ನನಗೆ ಕಣ್ಣಿಗೂ ಕಾಣಲಿಲ್ಲ, ಕೈಗೂ ಸಿಗಲಿಲ್ಲ. ವಾಟರ್ ಪೇಪರ್ ಕೇಳಿದರು. ಒಂದು ಬಟ್ಟಲು ನೀರು ಇಟ್ಟುಕೊಂಡು, ಪೇಪರನ್ನು ಐಸ್‌ಕ್ರೀಂ ಕಡ್ಡಿಗೆ ಸುತ್ತಿ, ಮೂರು ದಿನದಿಂದ ಅವರೇ ತಿಕ್ಕುತ್ತಿದ್ದಾರೆ. ಊಟಕ್ಕೆ ಕರೆದರೆ ಕೇಳಿಸಲ್ಲ, ಎಡಗಿವಿ ಅಂತ ನೆಪ.

ಈಗ ಸಮಸ್ಯೆ ಏನು ಅಂದರೆ ಹಸಿರು ಬಣ್ಣ ಹೊಡೆಯಲು ಬಿಡುತ್ತಿಲ್ಲ. "ಬಣ್ಣ ಬಳಿಯುವುದು ಬೇರೆ ಸೆಕ್ಷನ್ನಿನವರು. ನಮ್ಮ ಕೈಯಿಂದ ಹೋಗುವಾಗ ಬರೀ ತಗಡು" ಅನ್ನುತ್ತಾರೆ. ಬೆಳ್ಳಿಯೇ ಆಗಬೇಕಂತೆ. ಸ್ಕ್ವಾಡ್ರನ್ ಗುರುತು, ನಂಬರು ಏನೂ ಬೇಡವಂತೆ.

ಉಪ್ಪುಕಾಗದ
ಹಾಗಾದರೆ ಬೆಳ್ಳಿ. ಇಲ್ಲಿ ಯಾರೂ ಬಾಯಿ ತೆಗೆಯಬೇಡಿ.

ಸ್ಪ್ರೂ ಸುಬ್ಬ
ನಾನು ಹಸಿರು ಅಂದೇ ಇಲ್ಲ.

ಹುಬ್ಬಳ್ಳಿ ಏರ್‌ಬ್ರಷ್
ಬ್ರಷ್ ಮುಟ್ಟಬೇಡಿ. ನನ್ನ ಹತ್ತಿರ ಇನ್ನೊಂದು ಏರ್‌ಬ್ರಷ್ ಮತ್ತು ಸಣ್ಣ ಕಂಪ್ರೆಸರ್ ಇದೆ, ಶನಿವಾರ ಕೆಲಸದ ಮೇಲೆ ಬೆಂಗಳೂರಿಗೆ ಬರುತ್ತಿದ್ದೇನೆ, ತಂದು ಕೊಡುತ್ತೇನೆ. ವಾಪಸ್ ಯಾವಾಗ ಬೇಕಾದರೂ ಕೊಡಿ. ಕಂಪ್ರೆಸರ್ ಸ್ವಲ್ಪ ಸದ್ದು ಮಾಡುತ್ತೆ, ನಿಮ್ಮಪ್ಪನಿಗೆ ತೊಂದರೆ ಇಲ್ಲ ಅನ್ನಿ.

ಗೀತಾ ಕುವೆಂಪುನಗರ
ಎಷ್ಟು ಚೆನ್ನಾಗಿದೆ! ಒಂದೇ ಪ್ರಶ್ನೆ. ಮೈ ಅಂಟಿಸಿದೆ ಅಂದಿರಿ. ಮೂಗಿಗೆ ಸೀಸ ಹಾಕಿದ್ದೀರಿ ತಾನೇ?

ವಿಮಾನಪುರದ ಮಗ
...

ವಿಮಾನಪುರದ ಮಗ
ಅಪ್ಪನಿಗೆ ಯಾರು ಹೇಳುವುದು?